ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ

ನಮ್ಮ ಮನೆಗೆ ಮೊದಲ ಸಲ ಬಂದವರು ಚಹಾ ಕುಡಿಯುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಇದು ಹೂವೋ, ಹುಳವೋ?"

ಪಡಸಾಲೆಯ ಗೋಡೆಗೆ ಒತ್ತಿ ಮೂರಡಿ ಉದ್ದದ ಗಾಜಿನ ತೊಟ್ಟಿ ಇದೆ. ಅದರೊಳಗೆ ಕಲ್ಲಿನ ಸಂದಿಯಲ್ಲಿ ಕಾಲೂರಿ ಕೂತಿರುವ, ತಿಂಡಿ ತಟ್ಟೆಯಷ್ಟು ಅಗಲದ ಒಂದು ಜೀವ. ಮೈತುಂಬ ಬೆರಳಿನಂಥ ಎಳೆಗಳು, ಎಳೆಗಳ ತುದಿ ಸಣ್ಣ ಬಲ್ಬಿನ ಹಾಗೆ ಉಬ್ಬಿಕೊಂಡಿರುತ್ತದೆ. ಅದರ ನಡುವೆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಮೀನು ಆಡಿಕೊಂಡಿರುತ್ತವೆ. ಮೀನಿನ ಹೆಸರು ಕ್ಲೌನ್ ಫಿಶ್. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಸಿನಿಮಾ ನೋಡಿದ ಮಕ್ಕಳಿಗೆ ಗೊತ್ತು. ಮೀನಿಗೆ ಮನೆಯಾಗಿರುವ ಆ ಜೀವದ ಹೆಸರು ಸೀ ಅನಿಮೋನ್. ನಾವು ಕಡಲ ಹೂ ಅಂತ ಕರೆಯುತ್ತೇವೆ.

ಹೆಸರಿಗೆ ಹೂ, ಆದರೆ ಅದು ಪ್ರಾಣಿ. ಲೋಳೆಮೀನು, ಹವಳಗಳ ಬಳಗದ್ದು. ಮೂಳೆ ಇಲ್ಲ, ಕಣ್ಣಿಲ್ಲ, ಮಿದುಳಿಲ್ಲ. ಬಾಯಿ ಒಂದೇ, ತಿನ್ನುವುದೂ ಅದರಿಂದಲೇ, ಹೊರಹಾಕುವುದೂ ಅದರಿಂದಲೇ. ಎಳೆಗಳಲ್ಲಿ ಕುಟುಕುವ ಸೂಕ್ಷ್ಮ ಮುಳ್ಳುಗಳಿವೆ. ಕ್ಲೌನ್ ಫಿಶ್ ಮೈಮೇಲಿನ ಲೋಳೆಯಿಂದಾಗಿ ಅದಕ್ಕೆ ಈ ಕುಟುಕು ತಾಗುವುದಿಲ್ಲ.

ಈ ಬರಹದಲ್ಲಿ ನಾವು ಎಂದರೆ ಗಂಡ ಹೆಂಡತಿ ಇಬ್ಬರು. ಒಬ್ಬರು ಪತ್ರಿಕೆಗೆ ಸುದ್ದಿ ಕಳಿಸುವವರು, ಇನ್ನೊಬ್ಬರು ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡವರು. ಊರು ಸಂಡೂರು ತಾಲ್ಲೂಕಿನ ಯಶವಂತನಗರ. ಸ್ವಾಮಿಹಳ್ಳಿ ಕಡೆಯ ಅದಿರಿನ ಗೂಡ್ಸ್ ಗಾಡಿ ಓಡಾಡುವ ಹಳಿ, ಬಟ್ಟೆ ಒಣಹಾಕಿದರೆ ಕೂರುವ ಕೆಂಪು ದೂಳು, ಬೋರ್ ನೀರು. ಇಲ್ಲಿ ಸಮುದ್ರದ ಪ್ರಾಣಿ ಏನು ಮಾಡುತ್ತಿದೆ ಎಂದು ನೀವು ಕೇಳಬಹುದು. ನಾವೂ ಬಹಳ ಸಲ ಕೇಳಿಕೊಂಡಿದ್ದೇವೆ.

ಸಮುದ್ರ ನಮ್ಮೂರಿಗೆ ಲಾರಿಯಲ್ಲಿ ಬಂತು. ಚಿಕ್ಕಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿದರೆ ಅಂಕೋಲಾ, ಅಲ್ಲಿಂದ ಬೇಲೆಕೇರಿ ಬಂದರು. ಹೋಗುವಾಗ ಅದಿರು, ಬರುವಾಗ ಕ್ಯಾಬಿನ್ನಿನಲ್ಲಿ ಒಣಮೀನು, ಮಕ್ಕಳಿಗೆ ಕಪ್ಪೆಚಿಪ್ಪು. 2009ರಲ್ಲಿ ಕಾಲೇಜಿಗೆ ರಜೆ ಇದ್ದಾಗ ನಮ್ಮಲ್ಲೊಬ್ಬರು ಅವರ ಜೊತೆ ಹೋಗಿದ್ದರು. ಲೋಡ್ ಇಳಿಸಲು ಸರದಿ ಬರುವುದಕ್ಕೆ ಎರಡು ದಿನ ಕಾಯಬೇಕಿತ್ತು. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಒಂದು ಪುಟ್ಟ ಹೂವು ಕಂಡಿತು. ಚಿಕ್ಕಪ್ಪ ಬೆರಳು ತಾಗಿಸಿದರು. ಹೂವು ಒಳಕ್ಕೆ ಸುತ್ತಿಕೊಂಡು ಗುಂಡಗಾಯಿತು.

"ಮುಟ್ಟಿದರೆ ಮುನಿ ಕಡಲಾಗೂ ಐತೆ ನೋಡಲೇ" ಅಂದರು.

2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟ್ ಆದೇಶಿಸಿತು. ಚಿಕ್ಕಪ್ಪ ಲಾರಿ ಮಾರಿ ಸಾಲ ತೀರಿಸಿದರು. ಆಮೇಲೆ ಅವರು ಸಮುದ್ರದ ಕಡೆ ಹೋಗಲಿಲ್ಲ. ಕಪ್ಪೆಚಿಪ್ಪುಗಳು ದೇವರ ಗೂಡಿನಲ್ಲಿ ಉಳಿದವು.

2022ರಲ್ಲಿ ಬೆಂಗಳೂರಿನಲ್ಲಿದ್ದ ಭಾವ ಕೆಲಸದ ಮೇಲೆ ಹೊರದೇಶಕ್ಕೆ ಹೊರಟರು. ಅವರ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇತ್ತು. "ಮಾರಿದರೆ ಅರ್ಧ ಬೆಲೆಯೂ ಬರಲ್ಲ, ನೀವೇ ಒಯ್ಯಿರಿ" ಅಂದರು. ತೊಟ್ಟಿ, ಪಂಪು, ಲೈಟು, ಕಲ್ಲುಗಳು, ಎರಡು ಕ್ಲೌನ್ ಫಿಶ್. ಆರು ವರ್ಷದ ಮಗಳಿಗೆ ನೀಮೋ ಬರುತ್ತಾನೆ ಎಂಬ ಖುಷಿ, ನಮಗೆ ಬೇಲೆಕೇರಿಯ ನೆನಪು. ಹೊತ್ತು ತಂದೆವು.

ತಂದ ದಿನವೇ ಮೊದಲ ತಪ್ಪಾಯಿತು. ಕಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಮೀನಿನ ವಾಸನೆ ಹೊಡೆಯುತ್ತಿದ್ದವು. ಅವ್ವ ಅವನ್ನು ಬೋರ್ ನೀರಿನಲ್ಲಿ ಬ್ರಷ್ ಹಾಕಿ ತಿಕ್ಕಿ, ಮಾಳಿಗೆ ಮೇಲೆ ಎರಡು ದಿನ ಬಿಸಿಲಿಗೆ ಒಣಹಾಕಿದರು. ಬೆಳ್ಳಗೆ ಹೊಳೆಯುವ ಕಲ್ಲು ನೋಡಿ ನಮಗೂ ಸಮಾಧಾನವಾಯಿತು.

ಆ ಕಲ್ಲಿನ ಮೇಲಿದ್ದದ್ದು ಕೊಳೆ ಅಲ್ಲ, ಬ್ಯಾಕ್ಟೀರಿಯಾ. ಮೀನಿನ ಹೊಲಸು ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುವಂಥದ್ದು. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರು. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗಲು ಒಂದೂವರೆ ತಿಂಗಳಾದರೂ ಬೇಕು. ಅನಿಮೋನ್ ತರಬೇಕಾದರೆ ತೊಟ್ಟಿ ಕನಿಷ್ಠ ಆರು ತಿಂಗಳು ಹಳೆಯದಾಗಿರಲಿ ಎನ್ನುತ್ತಾರೆ ಬಲ್ಲವರು. ನಾವು ಹೆಪ್ಪಿನ ಪಾತ್ರೆಯನ್ನೇ ತೊಳೆದು ಬಿಸಿಲಿಗಿಟ್ಟಿದ್ದೆವು.

ಮೂರನೇ ವಾರಕ್ಕೆ ಬೆಂಗಳೂರಿನ ಅಂಗಡಿಯೊಂದರಿಂದ ಅನಿಮೋನ್ ತಂದೆವು. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ರಾತ್ರಿ ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ಬಂದದ್ದು. ನಾಲ್ಕು ದಿನ ಅರಳಿತು. ಐದನೇ ದಿನ ಬಾಯಿ ತೆರೆದೇ ಇತ್ತು. ನಾವು ಹಸಿವೆ ಎಂದುಕೊಂಡು ಸಿಗಡಿ ಚೂರು ಹಾಕಿದೆವು. ಅನಿಮೋನ್ ಬಾಯಿ ಸದಾ ಬಿಗಿಯಾಗಿ ಮುಚ್ಚಿರಬೇಕು. ಜೋತುಬಿದ್ದು ತೆರೆದಿದ್ದರೆ ಅದು ಸಂಕಟದಲ್ಲಿದೆ ಎಂದರ್ಥ. ಕಲ್ಲನ್ನು ಬಿಟ್ಟು ತೇಲುವುದು, ಕಂದು ಲೋಳೆ ಕಾರುವುದು, ಮುಟ್ಟಿದರೆ ಬೆರಳಿಗೆ ಅಂಟದಿರುವುದು, ಇವೆಲ್ಲ ಅದೇ ಸಂಕಟದ ಗುರುತು. ಇದು ನಮಗೆ ತಿಳಿದದ್ದು ತಡವಾಗಿ. ಹನ್ನೊಂದನೇ ದಿನ ಬೆಳಿಗ್ಗೆ ಮನೆ ತುಂಬ ಕೊಳೆತ ವಾಸನೆ. ಕರಗಿ ಹೋಗಿತ್ತು.

ಸತ್ತ ಅನಿಮೋನ್ ಕೆಲವೇ ಗಂಟೆಗಳಲ್ಲಿ ಇಡೀ ತೊಟ್ಟಿಯ ನೀರನ್ನು ಕೆಡಿಸುತ್ತದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ ಉಳಿಸಿಕೊಂಡೆವು. ಮಗಳು ಶಾಲೆಯಿಂದ ಬಂದಾಗ ಏನು ಹೇಳಬೇಕು ಎಂದು ನಮ್ಮಿಬ್ಬರಲ್ಲೇ ಜಗಳವಾಯಿತು. ಕೊನೆಗೆ ಇದ್ದದ್ದನ್ನೇ ಹೇಳಿದೆವು. "ನಾವು ಸಾಯಿಸಿದ್ವಾ?" ಅಂತ ಕೇಳಿದಳು. ಹೌದು ಅಂದೆವು.

ಕಾರಣ ಹುಡುಕುತ್ತಾ ಹೋದಾಗ ಇನ್ನೊಂದು ತಪ್ಪೂ ಸಿಕ್ಕಿತು. ತೊಟ್ಟಿಗೆ ಹಾಕುವ ನೀರನ್ನು ಹಿಂದಿನ ರಾತ್ರಿ ತುಂಬಿಡುತ್ತಿದ್ದದ್ದು ತಾಮ್ರದ ಹಂಡೆಯಲ್ಲಿ. ನಮಗೆ ಒಳ್ಳೆಯದೆಂದು ನಂಬಿರುವ ತಾಮ್ರ ಅನಿಮೋನಿಗೆ ಮಹಾವಿಷ. ಬೆನ್ನೆಲುಬಿಲ್ಲದ ಜಲಚರಗಳು ಅತಿ ಸಣ್ಣ ಪ್ರಮಾಣದ ತಾಮ್ರವನ್ನೂ ತಡೆಯಲಾರವು. ಮೀನಿನ ರೋಗಕ್ಕೆ ಅಂಗಡಿಯಲ್ಲಿ ಕೊಡುವ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ. ಹೊಲಕ್ಕೆ ಮೈಲುತುತ್ತು ಸಿಂಪಡಿಸಿ ಬಂದ ಕೈಯನ್ನು ತೊಟ್ಟಿಯಲ್ಲಿ ಅದ್ದಿದರೂ ಅಪಾಯವೇ. ಸೊಳ್ಳೆಗೆ ಹೊಡೆಯುವ ಸ್ಪ್ರೇಯೂ ಹಾಗೆಯೇ. ಹಂಡೆ ಬಚ್ಚಲಿಗೆ ಹೋಯಿತು, ಎರಡು ಪ್ಲಾಸ್ಟಿಕ್ ಡ್ರಮ್ ಬಂದವು.

ಇನ್ನು ಆರು ತಿಂಗಳು ಏನೂ ತರಬಾರದು, ನೀರು ನೋಡಿಕೊಂಡಿರಬೇಕು ಎಂದು ನಿರ್ಧಾರವಾಯಿತು. ಟಿಡಿಎಸ್ ಮೀಟರ್, ಉಪ್ಪಿನಂಶ ನೋಡುವ ರಿಫ್ರಾಕ್ಟೋಮೀಟರ್, ಅಮೋನಿಯಾ ಮತ್ತು ನೈಟ್ರೇಟ್ ಪರೀಕ್ಷೆಯ ಕಿಟ್ ಕೊಂಡೆವು. ಸ್ಟ್ರಿಂಗರ್ ಕೆಲಸಕ್ಕೆ ತಿಂಗಳ ಸಂಬಳ ಇರುವುದಿಲ್ಲ, ನಿಮಗೆ ಗೊತ್ತು. ಅಚ್ಚಾದ ಸುದ್ದಿಗೆ ಇಷ್ಟು ಎಂದು ಬರುತ್ತದೆ. ಆ ಕಿಟ್ಟುಗಳು ಎರಡು ತಿಂಗಳ ಸುದ್ದಿ, ಒಂದು ರಾಶಿ ಬ್ಲೌಸ್ ಹೊಲಿಗೆ ತಿಂದವು.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಡುಗೆ ಉಪ್ಪು ನಡೆಯುವುದಿಲ್ಲ, ಅದು ಬರೀ ಸೋಡಿಯಂ ಕ್ಲೋರೈಡ್. ಸಮುದ್ರದಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲವೂ ಇರುತ್ತದೆ. ಅದೇ ಪ್ರಮಾಣದಲ್ಲಿ ಬೆರೆಸಿದ ಉಪ್ಪು ಚೀಲದಲ್ಲಿ ಸಿಗುತ್ತದೆ. ನಮ್ಮ ತೊಟ್ಟಿಯ 150 ಲೀಟರಿಗೆ ಐದೂವರೆ ಕಿಲೋ ಹಿಡಿಯಿತು. ರಿಫ್ರಾಕ್ಟೋಮೀಟರಿನಲ್ಲಿ 1.025ರ ಆಸುಪಾಸು ಇರಬೇಕು.

ನೀರು ಯಾವುದು? ಬೋರ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ಸಾವಿರ ದಾಟಿತು. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಲೇಬೇಕಾಯಿತು. ಬೇಸಿಗೆಯಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತವರ ನಡುವೆ ಮೀನಿನ ತೊಟ್ಟಿಗೆ ಕ್ಯಾನ್ ತುಂಬಿಸಿಕೊಳ್ಳುವಾಗ ನಮಗೆ ತಲೆ ಎತ್ತಲಾಗುತ್ತಿರಲಿಲ್ಲ. ಸಾಲು ಕರಗಿದ ಮೇಲೆ, ರಾತ್ರಿ ಒಂಬತ್ತರ ನಂತರ ಹೋಗುವುದು ರೂಢಿಯಾಯಿತು. ಈಗಲೂ ಹಾಗೆಯೇ ಹೋಗುತ್ತೇವೆ.

2023ರ ಏಪ್ರಿಲ್. ಸಂಡೂರಿನ ಬಿಸಿಲು. ಸಮುದ್ರದ ತೊಟ್ಟಿಗೆ ನೀರಿನ ಬಿಸಿ 24ರಿಂದ 27 ಡಿಗ್ರಿ ಇದ್ದರೆ ಸರಿ. ನೀರು ತಂಪು ಮಾಡುವ ಚಿಲ್ಲರ್ ಕೊಳ್ಳುವ ಶಕ್ತಿ ನಮಗಿಲ್ಲ. ತೊಟ್ಟಿಯ ಮೇಲ್ಮೈಗೆ ಫ್ಯಾನ್ ಇಟ್ಟೆವು. ಗಾಳಿಗೆ ನೀರು ಆವಿಯಾಗುತ್ತದೆ, ಮಡಕೆಯ ನೀರು ತಣ್ಣಗಾಗುವಂತೆ ತೊಟ್ಟಿಯೂ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ದಿನಕ್ಕೆ ಮೂರು ಲೀಟರ್ ಕಡಿಮೆಯಾಗತೊಡಗಿತು. ಅಷ್ಟೇ ಉಪ್ಪುನೀರು ಕಲಸಿ ಮೇಲೆ ಹಾಕುತ್ತಾ ಬಂದೆವು. ಹತ್ತೇ ದಿನಕ್ಕೆ ಮೀನುಗಳು ಮೂಲೆ ಹಿಡಿದವು. ಮೀಟರ್ ನೋಡಿದರೆ 1.031. ಸರಿಯಾಗಿ ಅಳೆದೇ ಉಪ್ಪು ಕಲಸಿದ್ದೇವಲ್ಲ, ಹೇಗೆ ಹೆಚ್ಚಾಯಿತು ಎಂದು ತಲೆ ಕೆಡಿಸಿಕೊಂಡು ಕೂತಿದ್ದೆವು.

ಆ ದಿನ ಕಂಪ್ಲಿಯಿಂದ ಮಾವನವರು ಬಂದಿದ್ದರು. ಭತ್ತ ಬೆಳೆಯುವವರು. ತುಂಗಭದ್ರಾ ಕಾಲುವೆ ನೀರು ಕಂಡ ಮೇಲೆ ಆ ಕಡೆ ಎಷ್ಟೋ ಹೊಲ ಸವಳಾದದ್ದು ನಿಮಗೆ ಗೊತ್ತೇ ಇದೆ. ಅವರದೂ ಎರಡು ಎಕರೆ ಹಾಗೆ ಹೋಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಅವರು ತೊಟ್ಟಿಯ ಅಂಚಿಗೆ ಕಟ್ಟಿದ್ದ ಬಿಳಿ ಉಪ್ಪನ್ನು ಉಗುರಿನಿಂದ ಕೆರೆದು ನೋಡಿದರು.

"ಅಲ್ರೀ ಅಳಿಯಂದ್ರೇ, ನೀರೇನೋ ಬಿಸಿಲಿಗೆ ಹೋಗ್ತೈತೆ. ಉಪ್ಪು ಎಲ್ಲಿಗೆ ಹೋಗ್ತೈತೆ?"

ಇಷ್ಟೇ ಅಂದದ್ದು. ಡಿಪ್ಲೊಮಾ ಮಾಡಿದ ನಮಗೆ ಹೊಳೆಯಲಿಲ್ಲ. ಆವಿಯಾಗುವುದು ನೀರು ಮಾತ್ರ. ಉಪ್ಪು ಅಲ್ಲೇ ಇರುತ್ತದೆ. ಕಡಿಮೆಯಾದ ಜಾಗಕ್ಕೆ ಸಿಹಿನೀರೇ ಹಾಕಬೇಕು. ನಾವು ದಿನವೂ ನೂರು ಗ್ರಾಮಿನಷ್ಟು ಹೊಸ ಉಪ್ಪು ಸುರಿಯುತ್ತಿದ್ದೆವು. ಮಾವನವರ ಹೊಲದಲ್ಲೂ ಆದದ್ದು ಅದೇ: ಬಸಿದು ಹೋಗಲು ದಾರಿ ಇಲ್ಲದ ನೀರು ನೆಲದಿಂದ ಆವಿಯಾಗುತ್ತದೆ, ತಂದ ಉಪ್ಪನ್ನು ಬಿಟ್ಟು ಹೋಗುತ್ತದೆ. ಸವಳಿಗೆ ಬಸಿಗಾಲುವೆ ತೋಡಬೇಕು ಎನ್ನುವುದು ಅದಕ್ಕೇ. ತೊಟ್ಟಿಯ ಬಸಿಗಾಲುವೆ ಎಂದರೆ ವಾರಕ್ಕೊಮ್ಮೆ ಹತ್ತನೇ ಒಂದು ಭಾಗ ನೀರು ತೆಗೆದು, ಅಳೆದು ಕಲಸಿದ ಹೊಸ ಉಪ್ಪುನೀರು ಹಾಕುವುದು. ಉಳಿದ ದಿನ ಸಿಹಿನೀರು.

ಅಂದೇ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆವು. ಗೆರೆಗಿಂತ ನೀರು ಇಳಿದಷ್ಟು ಸಿಹಿನೀರು. ಆ ಕೆಲಸ ಮಗಳದು, ದಿನವೂ ಸಂಜೆ.

ಎರಡನೇ ಅನಿಮೋನ್ ಬಂದದ್ದು 2023ರ ಜುಲೈನಲ್ಲಿ. ಬಬಲ್ ಟಿಪ್ ಎಂಬ ಜಾತಿ. ಹೊಸಬರಿಗೆ ಇದೇ ವಾಸಿ. ತೊಟ್ಟಿಯಲ್ಲೇ ಎರಡಾಗಿ ಸೀಳಿಕೊಂಡು ಮರಿಯಾಗುವ ಗುಣವೂ ಇದಕ್ಕಿದೆ. ಇನ್ನೊಬ್ಬರ ತೊಟ್ಟಿಯಲ್ಲಿ ಹಾಗೆ ಸೀಳಿದ್ದನ್ನೇ ಹುಡುಕಿ ತಂದೆವು, ಸಮುದ್ರದಿಂದ ಕಿತ್ತದ್ದು ಬೇಡ ಎಂದು. ಕ್ಲೌನ್ ಫಿಶ್ ಮರಿ ಮಾಡಿಸುವ ವಿದ್ಯೆಯನ್ನು ಕೇಂದ್ರ ಸರ್ಕಾರದ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ರೂಢಿಸಿದೆ. ಹೀಗಾಗಿ ಮೀನು ಹ್ಯಾಚರಿಯದು ಸಿಗುತ್ತದೆ. ಅನಿಮೋನ್ ಹಾಗಲ್ಲ, ಕೇಳಿ ವಿಚಾರಿಸಿ ತರಬೇಕು. ಅಂಗಡಿಯವರೊಬ್ಬರು ಜೀವಂತ ಹವಳವನ್ನೂ ಕೊಡುತ್ತೇವೆ ಎಂದಿದ್ದರು. ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹುಲಿಗಿರುವ ಪಟ್ಟಿಯೇ ಅದು. ಬೇಡ ಅಂದೆವು.

ಸಾಕುವುದರಲ್ಲಿ ಗುಟ್ಟೇನೂ ಇಲ್ಲ. ಅನಿಮೋನ್ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತದೆ. ನಾವು ಹೊಲ ಪಾಲಿಗೆ ಕೊಟ್ಟ ಹಾಗೆ, ಅನಿಮೋನ್ ತನ್ನ ಮೈಯಲ್ಲಿ ಜಾಗ ಕೊಡುತ್ತದೆ, ಪಾಚಿ ಬೆಳಕಿನಲ್ಲಿ ಆಹಾರ ಮಾಡಿ ಪಾಲು ಕೊಡುತ್ತದೆ. ಅದಕ್ಕೇ ಒಳ್ಳೆಯ ಲೈಟು ದಿನಕ್ಕೆ ಎಂಟು ಹತ್ತು ಗಂಟೆ ಬೇಕು. ಮೇಲೆ ವಾರಕ್ಕೊಮ್ಮೆ ಶೇಂಗಾ ಕಾಳಿನಷ್ಟು ಸಿಗಡಿ ಚೂರು ಸಾಕು. ಹೆಚ್ಚು ಹಾಕಿದರೆ ತಿಂದು ಉಗುಳುತ್ತದೆ, ನೀರು ಕೆಡುತ್ತದೆ. ಎಲ್ಲಿ ಕೂರಬೇಕು ಎನ್ನುವುದನ್ನು ಅದೇ ಆರಿಸಿಕೊಳ್ಳುತ್ತದೆ. ಕಿತ್ತು ಬೇರೆ ಕಡೆ ಕೂರಿಸಲು ಹೋದರೆ ಕಾಲು ಹರಿಯುತ್ತದೆ.

2024ರ ಮೇ ತಿಂಗಳಲ್ಲಿ ಫ್ಯಾನ್ ಇದ್ದರೂ ನೀರು 31 ಡಿಗ್ರಿ ಮುಟ್ಟಿತು. ಕಂದು ಬಣ್ಣದ ಅನಿಮೋನ್ ದಿನದಿಂದ ದಿನಕ್ಕೆ ಬಿಳಿಚಿಕೊಂಡಿತು. ಬಿಸಿ ತಾಳದೆ ಪಾಚಿಯನ್ನು ಹೊರಹಾಕುತ್ತಿತ್ತು. ಅದೇ ತಿಂಗಳು ಲಕ್ಷದ್ವೀಪದ ಹವಳಗಳು ಸಮುದ್ರದ ಬಿಸಿಗೆ ಬಿಳಿಚಿವೆ ಎಂದು ಸಿಎಂಎಫ್‌ಆರ್‌ಐ ಹೇಳಿದ ಸುದ್ದಿ ಬಂತು. ಅಲ್ಲಿ ಆಗುತ್ತಿದ್ದದ್ದೇ ನಮ್ಮ ಪಡಸಾಲೆಯಲ್ಲೂ ಆಗುತ್ತಿತ್ತು. ಫ್ರಿಜ್ಜಿನಲ್ಲಿ ಬಾಟಲಿ ನೀರು ಗಡ್ಡೆ ಕಟ್ಟಿಸಿ, ಮೂರು ಗಂಟೆಗೊಮ್ಮೆ ತೊಟ್ಟಿಯಲ್ಲಿ ತೇಲಿಬಿಟ್ಟೆವು. ಒಮ್ಮೆಲೇ ತಣ್ಣಗಾಗಬಾರದು, ಆಗಿದ್ದೂ ಕೇಡೇ. ಜೂನ್ ಮಳೆ ಬಂದು ಹೊತ್ತು ತಂಪಾದ ಮೇಲೆ ನಿಧಾನಕ್ಕೆ ಬಣ್ಣ ಮರಳಿತು.

ಆಮೇಲೆ ಡ್ಯಾಮಿನ ರಾತ್ರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ನಮ್ಮಲ್ಲೊಬ್ಬರು ಬೈಕ್ ಹತ್ತಿ ಹೊಸಪೇಟೆಗೆ ಓಡಿದರು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸುವವರೆಗೆ, ಒಂದು ವಾರ, ಅಲ್ಲೇ ಬೀಡು. ಇನ್ನೊಬ್ಬರು ಮನೆಯಲ್ಲಿ.

ಮೂರನೇ ದಿನ ಮನೆಯಲ್ಲಿ ಮಧ್ಯಾಹ್ನ ಕರೆಂಟ್ ಹೋಯಿತು. ತೊಟ್ಟಿಯಲ್ಲಿ ನೀರು ಓಡಾಡುವುದು ನಿಂತಿತು. ಬ್ಯಾಟರಿ ಏರ್ ಪಂಪ್ ಹಚ್ಚಿಟ್ಟು ಹೊಲಿಗೆಗೆ ಕೂತರೆ, ಅನಿಮೋನ್ ಕಲ್ಲು ಬಿಟ್ಟು ಗಾಜಿನ ಮೇಲೆ ತೆವಳಿ, ನಿಂತಿದ್ದ ಪಂಪಿನ ಬಾಯಿಗೆ ಹೋಗಿ ಕೂತಿತ್ತು. ಯಾರೂ ನೋಡಲಿಲ್ಲ. ಸಂಜೆ ಕರೆಂಟ್ ಬಂತು. ಪಂಪು ತಿರುಗಿತು. ಮಗಳು ಕಿರುಚಿದ್ದು ಓಣಿಗೆಲ್ಲ ಕೇಳಿತಂತೆ.

ಮೇನ್ ಸ್ವಿಚ್ ಆರಿಸಿ, ಕೈಗೆ ಗ್ಲೌಸ್ ಹಾಕಿ, ಪಂಪಿನ ಜಾಳಿಗೆ ಬಿಚ್ಚಿ ಬಿಡಿಸಿದ್ದು ಮನೆಯಲ್ಲಿದ್ದವರು, ಡ್ಯಾಮಿನ ಮೇಲಿದ್ದವರು ಫೋನಿನಲ್ಲಿ ಇಷ್ಟಿಷ್ಟೇ ಹೇಳುತ್ತಾ. ಹಿಂದೆ ಹೊಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಮೂರನೇ ಒಂದು ಪಾಲು ಎಳೆಗಳು ಹರಿದಿದ್ದವು. ನೀರು ಹಾಲಿನಂತಾಗಿತ್ತು. ಡ್ರಮ್ಮಿನಲ್ಲಿ ಕಲಸಿಟ್ಟಿದ್ದ ನೀರು ಇದ್ದದ್ದರಿಂದ ಆ ರಾತ್ರಿಯೇ ಬಹುಪಾಲು ಬದಲಾಯಿಸಲು ಆಯಿತು. ಕಾಲು ಹರಿದಿರಲಿಲ್ಲ. ಕಾಲು, ಬಾಯಿ ಉಳಿದರೆ ಅನಿಮೋನ್ ಬದುಕಬಲ್ಲದು. ಹತ್ತು ದಿನ ಮುದುಡಿಕೊಂಡೇ ಇತ್ತು. ಸೆಪ್ಟೆಂಬರಿನಲ್ಲಿ ಹೊಸ ಎಳೆಗಳು ಚಿಗುರಿದವು.

ಪಂಪಿನ ಬಾಯಿಗೆ ಸ್ಪಾಂಜ್ ಕಟ್ಟುವುದು ಹತ್ತು ರೂಪಾಯಿಯ ಕೆಲಸ. ಅದನ್ನು ಮೊದಲ ದಿನವೇ ಮಾಡಬೇಕಿತ್ತು. ಯಾರಾದರೂ ಅನಿಮೋನ್ ತರುತ್ತೇನೆ ಎಂದರೆ ನಾವು ಮೊದಲು ಹೇಳುವುದು ಅದನ್ನೇ.

ಇಲ್ಲಿಯವರೆಗೆ ಓದಿದವರು ಕೇಳಬಹುದು, ಇದೆಲ್ಲ ಶೋಕಿ ತಾನೆ ಎಂದು. ಅವ್ವನೂ ಹಾಗೇ ಅನ್ನುತ್ತಿದ್ದರು. 2025ರ ಜನವರಿಯವರೆಗೆ.

ಆ ತಿಂಗಳು ತಂಗಿ ಬಾಣಂತನಕ್ಕೆ ಬಂದಳು. ಎದೆಹಾಲು ಸಾಲದೆ, ವೈದ್ಯರು ಹೇಳಿದ ಮೇಲೆ ಕೂಸಿಗೆ ಹಾಲಿನ ಪುಡಿ ಕಲಸಿ ಕೊಡುತ್ತಿದ್ದೆವು. ಕ್ಯಾನ್ ನೀರು ಸಪ್ಪೆ, ಅದರಲ್ಲಿ ಸತ್ವ ಇಲ್ಲ ಎಂಬುದು ಅವ್ವನ ನಂಬಿಕೆ. ಬೋರ್ ನೀರನ್ನೇ ಒಲೆ ಮೇಲಿಟ್ಟು, ಪಾತ್ರೆಯ ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ ಕೊಡುತ್ತಿದ್ದರು. ಅರ್ಧಕ್ಕಿಳಿದಷ್ಟೂ ಶುದ್ಧ ಎಂದು.

ಒಂದು ಸಂಜೆ ತೊಟ್ಟಿಯ ನೈಟ್ರೇಟ್ ನೋಡಿ ಕಿಟ್ಟಿನಲ್ಲಿ ಇನ್ನಷ್ಟು ದ್ರಾವಣ ಉಳಿದಿತ್ತು. ಮಗಳು, "ಪಾಪುವಿನ ನೀರೂ ನೋಡೋಣ" ಅಂದಳು. ಆಟಕ್ಕೆ ಅಂದದ್ದು. ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಳದಿ ಇತ್ತು. ಕುದಿಸಿ ಇಳಿಸಿದ ಬೋರ್ ನೀರು ಕಡುಗೆಂಪಾಯಿತು. ಅನಿಮೋನಿಗೆ ಹಾಕಲು ನಾವು ಹೆದರುವ ನೀರನ್ನು ಕೂಸಿಗೆ ಕುಡಿಸುತ್ತಿದ್ದೆವು.

ನೈಟ್ರೇಟ್ ಹೊಲದ ಗೊಬ್ಬರದಿಂದ, ತಿಪ್ಪೆಯಿಂದ, ಶೌಚದ ಗುಂಡಿಯಿಂದ ಬೋರಿಗೆ ಇಳಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ದೊಡ್ಡವರ ಮೈ ತಡೆದುಕೊಳ್ಳಬಹುದು. ಆರು ತಿಂಗಳೊಳಗಿನ ಕೂಸಿಗೆ, ಅದರಲ್ಲೂ ಪುಡಿ ಹಾಲು ಕುಡಿಯುವ ಕೂಸಿಗೆ, ಇದು ಅಪಾಯ. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ, ತುಟಿ ಉಗುರು ನೀಲಿಯಾಗುತ್ತದೆ.

ಕುದಿಸಿದರೆ ರೋಗಾಣು ಸಾಯುತ್ತವೆ, ಅದು ನಿಜ, ಅದನ್ನು ಬಿಡಬಾರದು. ಆದರೆ ನೈಟ್ರೇಟ್ ಸಾಯುವಂಥದ್ದಲ್ಲ. ಅವ್ವ ನೀರನ್ನು ಅರ್ಧಕ್ಕಿಳಿಸಿದರೆ ನೈಟ್ರೇಟ್ ಎರಡು ಪಟ್ಟಾಗುತ್ತದೆ. ಅವ್ವನಿಗೆ ವಿಜ್ಞಾನ ಹೇಳುವ ಗೋಜಿಗೆ ಹೋಗಲಿಲ್ಲ. ತೊಟ್ಟಿಯ ಅಂಚಿಗೆ ಕಟ್ಟಿದ್ದ ಬಿಳಿ ಉಪ್ಪು ತೋರಿಸಿ, ಕಂಪ್ಲಿಯ ಮಾವನವರು ಕೇಳಿದ ಪ್ರಶ್ನೆಯನ್ನೇ ಕೇಳಿದೆವು. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೂಸಿನ ಉಗುರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಗುಲಾಬಿ ಬಣ್ಣದಲ್ಲೇ ಇದ್ದವು.

ಮರುದಿನ ಕೂಸನ್ನು ವೈದ್ಯರಿಗೆ ತೋರಿಸಿದೆವು, ತೊಂದರೆ ಇರಲಿಲ್ಲ. ಮೀನಿನ ಕಿಟ್ಟನ್ನೇ ನಂಬಬಾರದು ಎಂದು ಬೋರ್ ನೀರನ್ನು ಪ್ರಯೋಗಾಲಯಕ್ಕೂ ಕೊಟ್ಟೆವು. ವರದಿಯೂ 45 ದಾಟಿತ್ತು. ಅಂದಿನಿಂದ ಕೂಸಿಗೆ ಆರ್‌ಒ ಘಟಕದ ನೀರನ್ನು ಕುದಿಸಿ ಆರಿಸಿ ಕೊಟ್ಟೆವು. ಆರ್‌ಒ ನೈಟ್ರೇಟನ್ನು ಬಹುಪಾಲು ತೆಗೆಯುತ್ತದೆ.

ನಿಮ್ಮ ಮನೆಯಲ್ಲೂ ಪುಡಿ ಹಾಲು ಕುಡಿಯುವ ಕೂಸಿದ್ದರೆ ನೀರು ಪರೀಕ್ಷೆ ಮಾಡಿಸಿ. ಅದಕ್ಕೆ ಅಕ್ವೇರಿಯಂ ಬೇಕಿಲ್ಲ. ಜಲಜೀವನ್ ಮಿಷನ್ ಅಡಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಊರಿನ ಹೆಣ್ಣುಮಕ್ಕಳಿಗೇ ಅದನ್ನು ಬಳಸುವ ತರಬೇತಿಯನ್ನೂ ಕೊಡುತ್ತಾರೆ. ಪಂಚಾಯಿತಿಗೆ ಹೋಗಿ ಕೇಳಿ.

ಚಿಕ್ಕಪ್ಪ ಈಗಲೂ ಆಗಾಗ ಬಂದು ತೊಟ್ಟಿಯ ಮುಂದೆ ಕೂರುತ್ತಾರೆ. "ಒಯ್ದು ಬೇಲೆಕೇರ್‍ಯಾಗ ಬಿಟ್ಟು ಬರ್ರೋ, ಪಾಪ" ಅನ್ನುತ್ತಾರೆ. ಬಿಡುವಂತಿಲ್ಲ. ಯಾವುದೋ ಕಡಲಿನ ಜಾತಿ, ತೊಟ್ಟಿಯಲ್ಲಿ ಬೆಳೆದದ್ದು. ಅದರ ಜೊತೆ ಹೋಗುವ ರೋಗ ಅಲ್ಲಿನ ಜೀವಗಳಿಗೆ ಕೇಡು. ಮನೆಗೆ ತಂದ ಮೇಲೆ ಅದು ನಮ್ಮದೇ ಹೊಣೆ.

ಎಷ್ಟು ವರ್ಷ? ಮಗಳು ಕೇಳಿದಾಗ ನಾವು ಹುಡುಕಿ ಓದಿದೆವು. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ ಎಂಬ ನಿಸರ್ಗ ವಿಜ್ಞಾನಿ 1828ರಲ್ಲಿ ಕಡಲ ತೀರದಿಂದ ಒಂದು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿಟ್ಟರು. 1851ರಲ್ಲಿ ಅವರು ತೀರಿಕೊಂಡರು. ಅನಿಮೋನ್ ಕೈಯಿಂದ ಕೈಗೆ ದಾಟುತ್ತಾ ಎಡಿನ್‌ಬರೋದಲ್ಲಿ ಬದುಕಿತ್ತು. ಜನ ಅದಕ್ಕೆ 'ಗ್ರ್ಯಾನಿ', ಅಂದರೆ ಅಜ್ಜಿ, ಎಂದು ಹೆಸರಿಟ್ಟಿದ್ದರು. 1887ರಲ್ಲಿ ಸತ್ತಿತು. ಜಾಡಿಯಲ್ಲೇ 59 ವರ್ಷ. ಅದಕ್ಕೆ ಲೈಟು, ಪಂಪು, ಮೀಟರು ಏನೂ ಇರಲಿಲ್ಲ. ಯಾರೋ ಒಬ್ಬರು ಸಮುದ್ರದ ನೀರು ತಂದು ಜಾಡಿಯ ನೀರು ಬದಲಿಸುತ್ತಿದ್ದರು, ಅವರು ಹೋದ ಮೇಲೆ ಇನ್ನೊಬ್ಬರು.

ಲೆಕ್ಕ ಹಾಕಿದ ಮಗಳು, "ಹಂಗಾದ್ರೆ ನಾನು ಅಜ್ಜಿ ಆಗೋವರೆಗೂ ಇರುತ್ತೆ" ಅಂದಳು. ಇರಬಹುದು. ಹೊಸದಾಗಿ ತರಬೇಕು ಎನ್ನುವವರಿಗೆ ಈ ಲೆಕ್ಕವನ್ನೂ ಹೇಳುತ್ತೇವೆ. ಕೇಳಿದವರಲ್ಲಿ ಇಬ್ಬರು ಯೋಚನೆ ಬಿಟ್ಟರು, ನಮಗೆ ಸಂತೋಷವೇ ಆಯಿತು.

ತಂಗಿಯ ಕೂಸು ಈಗ ನಡೆಯುತ್ತದೆ. ಹಬ್ಬಕ್ಕೆ ಬಂದಾಗ ಎರಡೂ ಅಂಗೈ ಗಾಜಿಗೆ ಒತ್ತಿ ನಿಲ್ಲುತ್ತದೆ. ಅದರ ಕೈ ಸರಿಸಿ ಮಗಳು ಮಾರ್ಕರ್ ಗೆರೆ ನೋಡುತ್ತಾಳೆ. ಮೊನ್ನೆ ಒಂದು ಬೆರಳು ಇಳಿದಿತ್ತು. ಅವ್ವ ಒಳಗಿನಿಂದ ಸಿಹಿನೀರಿನ ಚೊಂಬು ತಂದುಕೊಟ್ಟರು, ಸ್ಟೀಲಿನದು.